ಮೀನಿನೊಂದಿಗೆ ಮನೆ ಬದಲಿಸಿದ್ದು

ಶಿವಾಜಿನಗರದ ಬಾಡಿಗೆ ಮನೆ ಬಿಡುವಾಗ ಪಾತ್ರೆಪಗಡೆಗಿಂತ ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಆರು ವರ್ಷದ ಉಪ್ಪುನೀರಿನ ಅಕ್ವೇರಿಯಂ. ನೀರು ಉಳಿದರೆ ಮೀನು ಉಳಿದಂತೆ ಎಂದುಕೊಂಡು ಹಳೆಯ ನೀರನ್ನೆಲ್ಲ ಡ್ರಮ್ಮುಗಳಿಗೆ ತುಂಬಿಕೊಂಡೆವು. "ಹೊಸ ಮನೆಗೆ ಈ ಕೊಳೆ ಯಾಕೆ ಬೇಟಾ?" ಎಂದರು ಅಮ್ಮಿ. ಪಾಚಿಗಟ್ಟಿದ ಕಲ್ಲು, ಮರಳನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗಿಟ್ಟೆವು.

ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೇಟ್ ಆಗಿಸಿ ವಿಷ ತಗ್ಗಿಸುವ ಬ್ಯಾಕ್ಟೀರಿಯಾಗಳು ಬದುಕುವುದು ನೀರಿನಲ್ಲಲ್ಲ, ಹೆಚ್ಚಾಗಿ ಆ ಕಲ್ಲು ಮರಳುಗಳಲ್ಲೇ. ನಲ್ಲಿಯ ಕ್ಲೋರಿನ್, ಬಿಸಿಲು ಎರಡೂ ಅವಕ್ಕೆ ಸಾವು. ಮತ್ತೆ ನೆಲೆಯೂರಲು ವಾರಗಳೇ ಬೇಕು. ಇದೆಲ್ಲ ಅರ್ಥವಾದದ್ದು ಮೂರನೆಯ ದಿನ, ಕ್ಲೌನ್ ಮೀನಿನ ಜೋಡಿ ಏದುಸಿರು ಬಿಡತೊಡಗಿದಾಗ. ಪದೇ ಪದೇ ನೀರು ಬದಲಿಸಿದ್ದಕ್ಕೆ ಒಂದು ಉಳಿಯಿತು. ಇನ್ನೊಂದಕ್ಕೆ ಏನಾಯಿತೆಂದು ಅಮ್ಮಿ ಕೇಳಿದರು. ದಾರಿಯ ಆಯಾಸ ಇರಬೇಕು ಅಮ್ಮಿ, ಎಂದೆವು.