ಪಟ್ಟಿಯಲ್ಲಿ ಹೆಸರು ಹುಡುಕುವುದು

2008ರ ಮುಂಗಾರಿನ ಹೊತ್ತಿಗೆ ಅಜ್ಜಂಪುರ ಕಡೆಯ ಬ್ಯಾಂಕುಗಳ ಮುಂದೆ ಜನ ಗುಂಪುಗೂಡುತ್ತಿದ್ದರು. ಕೇಂದ್ರ ಸರ್ಕಾರ ಆ ವರ್ಷದ ಬಜೆಟ್ಟಿನಲ್ಲಿ ರೈತರ ಸಾಲ ಮನ್ನಾ ಘೋಷಿಸಿತ್ತು. ಅರ್ಹರ ಹೆಸರು, ಜಮೀನಿನ ವಿವರ, ಮನ್ನಾ ಆಗುವ ಮೊತ್ತ ಎಲ್ಲವನ್ನೂ ಜೂನ್ 30ರೊಳಗೆ ಶಾಖೆಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕೆಂಬ ನಿಯಮವಿತ್ತು. ಹಾಕಿದರು. ನಾನು ನೋಡಿದ ಪಟ್ಟಿ ಊರಿನ ಪ್ರಕಾರವೂ ಇರಲಿಲ್ಲ, ಅಕ್ಷರದ ಪ್ರಕಾರವೂ ಇರಲಿಲ್ಲ. ಸಾಲದ ಖಾತೆ ನಂಬರಿನ ಸಾಲಿನಲ್ಲಿತ್ತು. ಈರುಳ್ಳಿ ಹೊಲ ಬಿಟ್ಟು ಬಂದವರು ಮೇಲಿಂದ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಓದಲು ಬಾರದವರು ಕಾಲೇಜಿಗೆ ಹೋಗುವ ಹುಡುಗರನ್ನು ಹಿಡಿದು, ‘ನಮ್ಮೋರ್ದು ಐತೇನ್ ನೋಡಪ್ಪ’ ಎನ್ನುತ್ತಿದ್ದರು.

ನೋಡುವುದು ಸುಲಭವಿರಲಿಲ್ಲ. ನಮ್ಮ ಕಡೆ ಒಂದೇ ಊರಿನಲ್ಲಿ ನಾಲ್ಕಾರು ಸಿದ್ದಪ್ಪಂದಿರು ಇರುತ್ತಾರೆ. ಕಂದಾಯದ ಕಾಗದದಲ್ಲಿ ಅವರನ್ನು ಬೇರೆ ಮಾಡುವುದು ‘ಬಿನ್’ ಎಂಬ ಎರಡಕ್ಷರ: ಸಿದ್ದಪ್ಪ ಬಿನ್ ಕೆಂಚಪ್ಪ, ಸಿದ್ದಪ್ಪ ಬಿನ್ ಹಾಲಪ್ಪ. ಹೆಂಗಸರಾದರೆ ಗಂಡನ ಹೆಸರಿನ ಮುಂದೆ ‘ಕೋಂ’. ಟೈಪು ಮಾಡಿದವರು ಜಾಗ ಸಾಲದೆಂದು ಅಪ್ಪನ ಹೆಸರು ಬಿಟ್ಟಿದ್ದರೆ ಅಲ್ಲಿಗೆ ಮುಗಿಯಿತು, ಒಳಗೆ ಹೋಗಿ ಗುಮಾಸ್ತರನ್ನು ಕೇಳಬೇಕು. ಅವರಿಗೆ ಪುರುಸೊತ್ತಿರುವಾಗ ಕೇಳಬೇಕು.

ಪಟ್ಟಿ ಯಾರ ಕೈಯಲ್ಲಿದೆಯೋ ಅವರದೇ ಅಧಿಕಾರ ಎಂಬುದು ನಮ್ಮ ತಾಲ್ಲೂಕುಗಳಿಗೆ ಹಳೆಯ ಅನುಭವ. ಮೊದಲು ಶಾನುಭೋಗರ ಕಡತ. 1963ರಲ್ಲಿ ಆ ವಂಶಪಾರಂಪರ್ಯದ ಹುದ್ದೆ ಹೋದ ಮೇಲೆ ಗ್ರಾಮ ಲೆಕ್ಕಿಗರ ಕಡತ. ಈ ಅಧಿಕಾರವನ್ನು ದೊಡ್ಡದಾಗಿ ಅಲುಗಿಸಿದ್ದು ಭೂಮಿ ಯೋಜನೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಬೆಲೆ ಇಲ್ಲದಂತಾಯಿತು, 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪ್ರತಿ ಸಿಗತೊಡಗಿತು. ಆದರೆ ಅಲ್ಲಿ ಹುಡುಕುವ ಹಾದಿ ಮೆಟ್ಟಿಲು ಮೆಟ್ಟಿಲಾಗಿದೆ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಸರ್ವೆ ನಂಬರು ಗೊತ್ತಿದ್ದವರಿಗೆ ಇದು ಸರಿ. ‘ಕೆರೆ ಹಿಂದಿನ ಹೊಲ’ ಎಂದಷ್ಟೇ ಬಲ್ಲ ಹೆಂಗಸಿಗೆ ಆ ನಂಬರಿನ ಮೆಟ್ಟಿಲೇ ತೊಡಕು. ಮೆಟ್ಟಿಲುಗಳೂ ಬದಲಾಗುತ್ತವೆ: ರಾಜ್ಯದ 2017ರ ಬಜೆಟ್ಟಿನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಸೇರಿತು. ತರೀಕೆರೆಯ ಕೆಳಗೆ ನೋಡುತ್ತಿದ್ದ ಶಿವನಿ ಹೋಬಳಿಯವರು ಅಜ್ಜಂಪುರದ ಕೆಳಗೆ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕಾಯಿತು.

ಈಗ ನಮ್ಮ ಕಡೆಯ ರೈತರ ಗುಂಪೊಂದಕ್ಕೆ ಸದಸ್ಯರ ಪಟ್ಟಿಯ ಪುಟ ಮಾಡಿಕೊಟ್ಟಿದ್ದೇನೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನವರು ಅದರಲ್ಲಿದ್ದಾರೆ. ಪಟ್ಟಿಯ ಮೇಲೆ ಒಂದು ಖಾಲಿ ಚೌಕ. ಅದರಲ್ಲಿ ‘ಸಿ’ ಎಂದು ಒತ್ತಿದ ಕೂಡಲೇ ಸಂಬಂಧವಿಲ್ಲದ ಸಾಲುಗಳು ಮಾಯವಾಗುತ್ತವೆ, ‘ಸಿದ್’ ಎಂದಾಗ ಇನ್ನಷ್ಟು ಹೋಗುತ್ತವೆ, ಜೊತೆಗೆ ‘ಕೆಂಚ’ ಎಂದು ಸೇರಿಸಿದರೆ ಬೇಕಾದ ಸಿದ್ದಪ್ಪ ಉಳಿಯುತ್ತಾನೆ. ಗುಂಡಿ ಒತ್ತಿ ಕಾಯಬೇಕಿಲ್ಲ. ಒಳಗಿನ ಕೆಲಸ ಚಿಕ್ಕದು. ಚೌಕದಲ್ಲಿ ಅಕ್ಷರ ಬದಲಾದಾಗಲೆಲ್ಲ ಜಾವಾಸ್ಕ್ರಿಪ್ಟ್ ಪ್ರತಿ ಸಾಲಿನ ಪಠ್ಯವನ್ನೂ ನೋಡಿ, ಟೈಪು ಮಾಡಿದ ತುಣುಕುಗಳೆಲ್ಲ ಅದರಲ್ಲಿದ್ದರೆ ತೋರಿಸುತ್ತದೆ, ಇಲ್ಲದಿದ್ದರೆ ಮರೆಮಾಡುತ್ತದೆ. ಪಟ್ಟಿ ಆಗಲೇ ಫೋನಿಗೆ ಇಳಿದಿರುವುದರಿಂದ, ನೆಟ್‌ವರ್ಕ್ ನಡುವೆ ಕೈಕೊಟ್ಟರೂ ಹುಡುಕಾಟ ನಿಲ್ಲುವುದಿಲ್ಲ.

ನಿಜವಾದ ಕೆಲಸವಿದ್ದದ್ದು ಕನ್ನಡದಲ್ಲಿ. ಗುಂಪಿನ ಹಳೆಯ ಪಟ್ಟಿಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಅಂಥ ಕಡತದಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಯೂನಿಕೋಡ್ ಕೀಲಿಮಣೆಯಿಂದ ‘ಸಿದ್ದಪ್ಪ’ ಎಂದು ಹೊಡೆದರೆ ಒಂದೂ ಹೊಂದುವುದಿಲ್ಲ. ಮೊದಲು ಎಲ್ಲವನ್ನೂ ಯೂನಿಕೋಡಿಗೆ ತಂದದ್ದಾಯಿತು. ಅಲ್ಲಿಗೂ ಮುಗಿಯಲಿಲ್ಲ. ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು, ಹೋಲಿಸುವಾಗ ಎರಡೂ ಬೇರೆ. ಕಣ್ಣಿಗೆ ಕಾಣದ ಜೋಡಕ ಅಕ್ಷರಗಳು ಅಲ್ಲಲ್ಲಿ ನುಸುಳಿರುತ್ತವೆ. ಇವನ್ನೆಲ್ಲ ಒಂದೇ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು.

ಆಮೇಲೆ ಮನುಷ್ಯರ ಬರವಣಿಗೆ. ಸಿದ್ದಪ್ಪ ಕೆಲವು ಕಡೆ ಸಿದ್ಧಪ್ಪ. ರಮೇಶ, ರಮೇಶ್ ಎರಡೂ ಒಬ್ಬನೇ. ನಮ್ಮ ಊರನ್ನೇ ಕೆಲವರು ತರೀಕೆರೆ ಎಂದು ದೀರ್ಘ ಕೊಟ್ಟು ಬರೆದರೆ ಕೆಲವರು ತರಿಕೆರೆ ಎನ್ನುತ್ತಾರೆ. ಯಾರನ್ನೂ ತಿದ್ದಲು ಹೋಗಬಾರದು. ಪಹಣಿಯಲ್ಲಿ ಹೇಗಿದೆಯೋ ಹಾಗೇ ಪಟ್ಟಿಯಲ್ಲೂ ಕಾಣಬೇಕು. ಹುಡುಕುವಾಗ ಮಾತ್ರ ಒಳಗೆ ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ, ದೀರ್ಘವನ್ನು ಹ್ರಸ್ವಕ್ಕೆ ಇಳಿಸಿ, ಕೊನೆಯ ಅರ್ಧಾಕ್ಷರದ ಚಿಹ್ನೆ (್) ಬಿಟ್ಟು ಹೋಲಿಸಿದರೆ ಸಾಕು. ಒಂದೆರಡು ಹೆಚ್ಚಿನ ಸಾಲು ಉಳಿದುಕೊಂಡರೆ ನಷ್ಟವಿಲ್ಲ. ಇರುವ ಹೆಸರು ಇಲ್ಲವೆಂದು ತೋರಿದರೆ ದೊಡ್ಡ ನಷ್ಟ. ರೈತ ಅದನ್ನು ನಂಬಿ ವಾಪಸ್ಸು ಹೋಗುತ್ತಾನೆ.

2008ರ ಬ್ಯಾಂಕಿನ ಗೋಡೆ ಪಟ್ಟಿಯ ಒಂದು ದೋಷ ಈ ಹೊಸ ಪುಟಕ್ಕೂ ಬರಬಹುದು. ಆಗ ಯಾರ ಸಾಲ ಎಷ್ಟೆಂದು ಊರಿಗೆಲ್ಲ ತಿಳಿಯಿತು. ಎಷ್ಟೋ ಮನೆಗಳಿಗೆ ಅದು ಸಂಕಟ ತಂದಿತು. ಈಗಿನ ಚೌಕ ಒಬ್ಬರ ಸಾಲನ್ನಷ್ಟೇ ತೋರಿಸಿದರೂ ಇಡೀ ಪಟ್ಟಿ ನೋಡುವವರ ಫೋನಿನಲ್ಲಿ ಇದ್ದೇ ಇರುತ್ತದೆ. ಮರೆಯಾದ ಸಾಲು ಗುಟ್ಟಾಗಿ ಉಳಿದ ಸಾಲಲ್ಲ. ಆದ್ದರಿಂದ ನಮ್ಮ ಪುಟದಲ್ಲಿ ಹೆಸರು, ಊರು, ಸದಸ್ಯತ್ವದ ನಂಬರು ಇವಿಷ್ಟೇ ಇವೆ. ಹಣದ ಲೆಕ್ಕವೂ ಫೋನ್ ನಂಬರೂ ಅಲ್ಲಿಲ್ಲ.

ಸೊಸೈಟಿಗೋ ಪಂಚಾಯಿತಿಗೋ ಪಟ್ಟಿ ಮಾಡಿಕೊಡುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲೇ ಇಡಿ, ಬಿನ್ ಮತ್ತು ಕೋಂ ಬಿಡಬೇಡಿ, ಪಟ್ಟಿಯ ಮೇಲೊಂದು ಹುಡುಕುವ ಚೌಕ ಹಾಕಿ. ಸ್ಕ್ಯಾನ್ ಮಾಡಿದ ಕಾಗದವನ್ನು ಪಿಡಿಎಫ್ ಎಂದು ಏರಿಸಿ ಕೈತೊಳೆದುಕೊಳ್ಳಬೇಡಿ.