ಸಿಕ್ಕಿಕೊಂಡ ಸೀಟು ಬೆಲ್ಟು

ಶಾಸ್ತ್ರಗ್ರಂಥಗಳಲ್ಲಿ ‘ಬಂಧ’ವೆಂಬ ಮಾತು ಬಂದಿತೆಂದರೆ ಸಾಮಾನ್ಯವಾಗಿ ಅದರಿಂದ ಬಿಡುಗಡೆಯಾಗುವ ಉಪಾಯವೂ ಹಿಂದೆಯೇ ಬರುವುದು. ಬಂಧವು ದೊರೆಯದೆ ಪರದಾಡುವ ಪ್ರಸಂಗವು ನನಗೊದಗಿದುದು ಕಾರಿನಲ್ಲಿ.

ನಮ್ಮದು ಇಪ್ಪತ್ತು ವರ್ಷದ ಹಳೆಯ ಕಾರು. ಮಧುಗಿರಿಯ ಬೆಟ್ಟದ ಮಗ್ಗುಲಿನ ಏರುಬೀದಿಯಲ್ಲಿ, ಒಂದು ಪಕ್ಕದ ಚಕ್ರಗಳು ಚರಂಡಿಯ ಕಲ್ಲನ್ನೇರಿ, ವಾಲಿಕೊಂಡು ನಿಂತಿತ್ತು. ಸಿರಾದಲ್ಲಿ ನಾಮಕರಣ, ಹೊತ್ತು ಮೀರುತ್ತಲಿತ್ತು. ಮುಂದಿನ ಆಸನದಲ್ಲಿ ಕುಳಿತ ನಮ್ಮಾಕೆಯು ಬೆಲ್ಟನ್ನೆಳೆಯಲಾಗಿ ಅದು ಒಂದು ಮೊಳ ಬಂದು ನಿಂತಿತು. ಜಗ್ಗಿದಷ್ಟೂ ಬಿಗಿಯಿತು. ಕಾರು ನಡೆಸುವ ಹುಡುಗನು, “ಬಿಡಿ ಮೇಷ್ಟ್ರೇ, ಸಿರಾ ಏನು ಮಹಾ ದೂರ? ಪೊಲೀಸಿನವರು ಕಂಡಾಗ ಅಮ್ಮಾವ್ರು ಕೈಯಲ್ಲಿ ಹಿಡಿದುಕೊಂಡರೆ ಸಾಕು” ಎಂದನು. ಬೆಲ್ಟು ಪೊಲೀಸರಿಗಾಗಿ ಇರುವುದೆಂಬ ಭಾವನೆಯು ನಮ್ಮ ಕಡೆ ಬಹಳ ಆಳವಾಗಿ ಬೇರೂರಿದೆ. ನಮ್ಮ ಕಾರಿನಲ್ಲಿ ಗಾಳಿಚೀಲವಿಲ್ಲ. ಎದುರಿನಿಂದ ಲಾರಿಗಳು ಬರುವ ದಾರಿಯಲ್ಲಿ ಆಕೆಯನ್ನು ಹಿಡಿದು ನಿಲ್ಲಿಸುವುದು ಅದೊಂದೇ ಪಟ್ಟಿ. ಕಟ್ಟದೆ ಹೊರಡುವುದಿಲ್ಲವೆಂದೆನು.

“ತಾನೇ ಕಟ್ಟಿಕೊಳ್ಳುವಂಥದು ಇದ್ದಿದ್ದರೆ!” ಎಂದು ಅವನು ಗೊಣಗಿದನು. ಅಂಥದೂ ಇದ್ದಿತು. ಅಮೆರಿಕದಲ್ಲಿ ೧೯೯೦ರ ಆಸುಪಾಸಿನ ಹಲವು ಕಾರುಗಳಲ್ಲಿ, ಬಾಗಿಲು ಮುಚ್ಚಿ ಕೀಲಿ ತಿರುಗಿಸಿದೊಡನೆ, ಸಣ್ಣ ಮೋಟಾರೊಂದು ಭುಜದ ಪಟ್ಟಿಯನ್ನು ಬಾಗಿಲ ಮೇಲಿನ ಕಂಬಿಯಲ್ಲಿ ಎಳೆದು ತರುತ್ತಿತ್ತು. ಸೊಂಟದ ಪಟ್ಟಿಯನ್ನು ಮಾತ್ರ ಕೈಯಿಂದ ಕಟ್ಟಬೇಕು. ಭುಜದ್ದು ಬಂದಿತಲ್ಲಾ ಎಂಬ ನೆಮ್ಮದಿಯಲ್ಲಿ ಅನೇಕರು ಅದನ್ನು ಮರೆಯುತ್ತಿದ್ದರು. ಮೋಟಾರು ಕೆಟ್ಟಿತೋ, ಪಟ್ಟಿಯು ನಡುದಾರಿಯಲ್ಲೇ ನಿಲ್ಲುವುದು. ೧೯೯೮ರ ಮಾದರಿಗಳಿಂದ ಮುಂದಿನ ಎರಡು ಆಸನಗಳಿಗೂ ಗಾಳಿಚೀಲ ಕಡ್ಡಾಯವಾಗಲು, ಅದು ಮರೆಯಾಯಿತು.

ನಮ್ಮದರಲ್ಲಿ ಮೋಟಾರಿಲ್ಲ. ಬಾಗಿಲ ಪಕ್ಕದ ಕಂಬದೊಳಗೆ ಸ್ಪ್ರಿಂಗಿನ ಸುರುಳಿ, ಅದರ ಬಳಿ ಪುಟ್ಟದೊಂದು ಗುಂಡು. ಕಾರು ಥಟ್ಟನೆ ನಿಂತರೆ ಗುಂಡು ಸರಿದು ಹಲ್ಲುಚಕ್ರಕ್ಕೆ ಅಗುಳಿ ಬೀಳುವುದು. ಕಾರು ಬಹಳ ವಾಲಿದ್ದರೂ ಬೀಳುವುದು. ಪಟ್ಟಿಯನ್ನು ಜಗ್ಗಿದರೂ ಬೀಳುವುದು. ಆದಕಾರಣ ಕಾರನ್ನು ಮಟ್ಟಸವಾದ ಸ್ಥಳಕ್ಕೆ ತರಿಸಿ, ಪಟ್ಟಿಯನ್ನು ನಾಲ್ಕು ಬೆರಳಷ್ಟು ಒಳಕ್ಕೆ ಬಿಟ್ಟು, ಅಗುಳಿಯು ಸಡಿಲಿದ ಬಳಿಕ, ಮಲಗಿದ ಮಗುವಿನ ಕೈಯಿಂದ ಗೊಂಬೆ ಬಿಡಿಸುವಂತೆ ಮೆಲ್ಲನೆ ಎಳೆದೆನು. ಬಂದಿತು, ಆದರೆ ತಡವರಿಸುತ್ತ ಬಂದಿತು.

ಮರುದಿನ ಪಟ್ಟಿಯನ್ನು ಪೂರ್ತಿ ಹೊರಗೆಳೆದು, ಬಟ್ಟೆಯ ಕ್ಲಿಪ್ಪಿನಿಂದ ಹಿಡಿಸಿ, ತೆಳುವಾದ ಸಾಬೂನು ನೀರಿನಲ್ಲಿ ಒರೆಸಿದೆವು. ಎಷ್ಟು ವರ್ಷದ ಬೆವರೋ ಧೂಳೋ, ನೀರು ಕಪ್ಪಾಯಿತು. ಪೂರಾ ಒಣಗಿದ ಮೇಲೆಯೇ ಒಳಕ್ಕೆ ಬಿಟ್ಟುದು. ಎಣ್ಣೆ ಹಾಕಹೊರಟ ಹುಡುಗನನ್ನು ತಡೆದೆನು. ಎಣ್ಣೆಗೆ ಧೂಳು ಇನ್ನಷ್ಟು ಅಂಟುವುದು. ಸುರುಳಿಯ ಪೆಟ್ಟಿಗೆಯನ್ನಂತೂ ಮನೆಯಲ್ಲಿ ಬಿಚ್ಚತಕ್ಕದ್ದಲ್ಲ: ಸ್ಪ್ರಿಂಗು ಚಿಮ್ಮುವುದು, ಕೆಲವು ಕಾರುಗಳಲ್ಲಿ ಪಟ್ಟಿಯನ್ನು ಬಿಗಿಯುವುದಕ್ಕಾಗಿ ಚಿಕ್ಕ ಸಿಡಿಮದ್ದೂ ಇರುವುದು.

ತೊಳೆದಾಗ ಅಂಚಿನಲ್ಲಿ ನೂಲು ಹಿಂಜಿರುವುದು ಕಂಡಿತು. ಹೊಸದನ್ನು ತುಮಕೂರಿನಿಂದ ತರಿಸಲು ಹೇಳಿದ್ದೇನೆ. ಅದು ಬರುವವರೆಗೆ ನಮ್ಮಾಕೆಯು ಹಿಂದಿನ ಆಸನದಲ್ಲಿ, ಅಲ್ಲಿಯ ಬೆಲ್ಟನ್ನು ಕಟ್ಟಿಕೊಂಡು.