ಹೇಳಿ ಹೋಗುವವು, ಹೇಳದೆ ಹೋಗುವವು

ಕೊಪ್ಪಳದಲ್ಲಿ ಹಳೇ ಕಾರು ಹುಡುಕಲು ಹೊರಟರೆ ನಮ್ಮ ಜಿಲ್ಲೆಯಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಹೆಚ್ಚೇನೋ ಎನಿಸುತ್ತದೆ. ಮಾರಾಟಕ್ಕೆ ನಿಂತ ಕೆಎ 37 ಗಾಡಿಗಳೆಲ್ಲ ಒಂದೋ ಡಾಕ್ಟರದು, ಇಲ್ಲವೇ ಕನ್ನಡ ಶಾಲೆಯ ಮಾಸ್ತರದು. ‘ಸಿಂಗಲ್ ಓನರ್ ಐತ್ರಿ, ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ, ಅಷ್ಟ.’ ಮೀಟರು 42 ಸಾವಿರ ತೋರಿಸುತ್ತದೆ. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಗೆರೆಗಳೆಲ್ಲ ಸವೆದು ಬೋಳಾಗಿರುತ್ತದೆ. ಡಾಕ್ಟರು ದವಾಖಾನೆಗೆ ಮುಂಬೈ ಮೇಲೆ ಹಾದು ಹೋಗುತ್ತಿದ್ದರೋ ಏನೋ.

ಯಲಬುರ್ಗಾ ಕಡೆಯ ನಮ್ಮ ಸೋದರಮಾವ ಕಡಲೆ ಚಲೋ ಬಂದ ವರ್ಷ ಇಂಥದೇ ಒಬ್ಬ ಡಾಕ್ಟರ ಸ್ಯಾಂಟ್ರೊ ತಂದರು. ತಂದ ಮೇಲೆ ಅವರಿಗೆ ಹುಟ್ಟಿದ ಪ್ರಶ್ನೆ: ‘ಇದಕ್ಕ ಯಾವಾಗ ಏನ್ ಮಾಡಸಬೇಕಪಾ?’ ಹೊಸ ಕಾರಿನವರಿಗೆ ಈ ಚಿಂತೆ ಇಲ್ಲ. ಇಷ್ಟು ಕಿಲೋಮೀಟರಿಗೆ ಇದು, ಇಷ್ಟು ವರ್ಷಕ್ಕೆ ಅದು, ಯಾವುದು ಮೊದಲು ಬಂತೋ ಅದು ಎಂದು ಕಂಪನಿಯ ಪುಸ್ತಕವೇ ಹೇಳುತ್ತದೆ. ಹಳೇ ಕಾರಿನ ಸಂಗಡ ಆರ್‌ಸಿ ಬರುತ್ತದೆ, ಸ್ಟೆಪ್ನಿ ಬರುತ್ತದೆ, ಡ್ಯಾಶ್‌ಬೋರ್ಡಿಗೆ ಅಂಟಿಸಿದ ಗಣಪತಿಯೂ ಬರುತ್ತಾನೆ, ಪುಸ್ತಕ ಬರುವುದಿಲ್ಲ. ಬಂದರೂ ಅದರಲ್ಲಿರುವ ಇನ್ನೊಂದು ಪಟ್ಟಿಯನ್ನು ಯಾರೂ ಓದುವುದಿಲ್ಲ. ಧೂಳು, ಬಿರುಬಿಸಿಲು, ಕೆಟ್ಟ ರಸ್ತೆ, ಎಂಜಿನ್ ಕಾಯುವ ಮೊದಲೇ ನಿಲ್ಲಿಸುವ ಓಡಾಟ ಇದ್ದಲ್ಲಿ ಎಲ್ಲವನ್ನೂ ಬೇಗ ಮಾಡಿಸಿ ಎನ್ನುವ ಪಟ್ಟಿ ಅದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಹೇಳಿ ಮಾಡಿಸಿದಂತಿದೆ.

ಮಾವನನ್ನು ಹೊಸಪೇಟೆ ರಸ್ತೆಯ ನನ್ನ ಪರಿಚಯದ ಮಿಸ್ತ್ರಿಯ ಹತ್ತಿರ ಕರೆದುಕೊಂಡು ಹೋದೆ. ಆತ ಮೀಟರನ್ನು ನೋಡಲೇ ಇಲ್ಲ. ‘ಎಷ್ಟ ಓಡೇತಿ ಅಂತ ಕೇಳಬ್ಯಾಡ್ರಿ ಸರ, ಎಲ್ಲಿ ಓಡೇತಿ ಅಂತ ಕೇಳ್ರಿ’ ಎಂದ. ಬಾನೆಟ್ ಎತ್ತಿದರೆ ಗಾಡಿ ಯಾವ ತಾಲ್ಲೂಕಿನದೆಂದು ಹೇಳಬಲ್ಲ ಮನುಷ್ಯ. ಗಂಗಾವತಿ ಗಾಡಿಯ ರೇಡಿಯೇಟರ್ ಜಾಲರಿಯಲ್ಲಿ ಭತ್ತದ ಹೊಟ್ಟು ಕೂತಿರುತ್ತದೆ. ಕಟಾವು ಯಂತ್ರ ಇಳಿದ ಹಂಗಾಮಿನಲ್ಲಿ ಗದ್ದೆ ಬದಿಯ ರಸ್ತೆ ಹಿಡಿದವರಿಗೆ ಇದು ಗೊತ್ತು. ಗಾಳಿ ಆಡದೆ ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಮಾಲೀಕರು ಕಾರನ್ನೇ ಬೈಯುತ್ತಾರೆ. ಗಿಣಿಗೇರಿ ಕಡೆಯದಾದರೆ ಏರ್ ಫಿಲ್ಟರ್ ಮೇಲೆ ಕಾರ್ಖಾನೆಗಳ ಕರಿ ಧೂಳು. ಯಲಬುರ್ಗಾದ ಎರೆಮಣ್ಣು ಮಳೆಗಾಲದಲ್ಲಿ ಗಾಲಿಯ ಒಳಗೆಲ್ಲ ಮೆತ್ತಿ, ಒಣಗಿ ಕಲ್ಲಾಗಿ, ಆ್ಯಕ್ಸಲ್ಲಿನ ರಬ್ಬರು ಬೂಟನ್ನು ಹರಿಯುತ್ತದೆ. ಒಳಗಿನ ಗ್ರೀಸು ಹೊರಗೆ, ಹೊರಗಿನ ಮಣ್ಣು ಒಳಗೆ. ಆಮೇಲೆ ಸ್ಟೇರಿಂಗ್ ಪೂರ್ತಿ ಕಟ್ ಮಾಡಿದಾಗಲೆಲ್ಲ ಟಕ್ ಟಕ್.

ಕುಷ್ಟಗಿ ಗಾಡಿಯನ್ನು ಆತ ಕಡೆಗಣಿಸುವುದಿಲ್ಲ. ವಿಜಯಪುರ–ಹೊಸಪೇಟೆ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಲಕ್ಷ ಕಿಲೋಮೀಟರ್ ಓಡಿದ ಎಂಜಿನ್, ಕೊಪ್ಪಳದ ಜವಾಹರ ರಸ್ತೆಯಲ್ಲಿ ಫಸ್ಟ್ ಗೇರು, ಸೆಕೆಂಡ್ ಗೇರಿನಲ್ಲೇ 40 ಸಾವಿರ ಮುಗಿಸಿದ್ದಕ್ಕಿಂತ ಗಟ್ಟಿ ಇರಬಹುದು. ಅಲ್ಲಿಯ ತೊಂದರೆ ನೀರಿನದು. ಕೂಲೆಂಟ್ ಕಡಿಮೆಯಾದಾಗ ಜನ ತಂಬಿಗೆಯಲ್ಲಿ ಬೋರಿನ ನೀರು ಹೊಯ್ಯುತ್ತಾರೆ. ಕೊಡದ ತಳದಲ್ಲಿ ಬಿಳಿ ಹಳಕು ಕಟ್ಟುವ ಆ ಸವುಳು ನೀರು ರೇಡಿಯೇಟರಿನ ಕೊಳವೆಗಳಲ್ಲೂ ಅದನ್ನೇ ಮಾಡುತ್ತದೆ. ಮುಚ್ಚಳ ತೆಗೆದಾಗ ಹಸಿರೋ ಕೆಂಪೋ ಬಣ್ಣದ ಕೂಲೆಂಟ್ ಬದಲು ತುಕ್ಕಿನ ನೀರು ಕಂಡರೆ, ಗಾಡಿ ಯಾವ ಡಾಕ್ಟರದೇ ಇರಲಿ, ರೇಡಿಯೇಟರ್ ತೊಳೆಸದೆ ಊರು ದಾಟಬಾರದು.

ಮಿಸ್ತ್ರಿಯ ಮಾತು ಕೇಳುತ್ತ ನನಗೆ ಒಂದು ಲೆಕ್ಕ ಸಿಕ್ಕಿತು. ಕಾರಿನ ದೊಡ್ಡ ಭಾಗಗಳಲ್ಲಿ ಎರಡು ಜಾತಿ. ಕೆಲವು ಹೇಳಿ ಹೋಗುತ್ತವೆ. ಕ್ಲಚ್ ತಿಂಗಳುಗಟ್ಟಲೆ ಮೊದಲೇ ಗೋಗರೆಯುತ್ತದೆ: ನಾಲ್ಕನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದರೆ ಸಪ್ಪಳ ಏರುತ್ತದೆ, ವೇಗ ಏರುವುದಿಲ್ಲ. ಬೇರಿಂಗ್ ಗುಂಯ್‌ಗುಡುತ್ತದೆ, ಶಾಕ್ ಅಬ್ಸಾರ್ಬರ್ ಪ್ರತಿ ಹಂಪಿಗೂ ದೂರು ಕೊಡುತ್ತದೆ. ಇವುಗಳಿಗೆ ವಾಯಿದೆ ಹೇಳಬಹುದು. ಇನ್ನು ಕೆಲವು ತುಟಿ ಪಿಟಕ್ಕೆನ್ನದೆ ಹೋಗುತ್ತವೆ. ಬ್ರೇಕ್ ಆಯಿಲ್ ವರ್ಷದ ಮೇಲೆ ವರ್ಷ ಗಾಳಿಯ ತೇವ ಹೀರುತ್ತ ಕೂತಿರುತ್ತದೆ. ಕಾದ ಬ್ರೇಕಿನಲ್ಲಿ ಆ ನೀರು ಕುದ್ದ ದಿನವೇ ಪೆಡಲು ಪೊಳ್ಳಾಗುವುದು. ಟೈರಿನ ಹೂವು ಚೆನ್ನಾಗಿ ಕಾಣುತ್ತದೆ, ಆದರೆ ಪಕ್ಕದಲ್ಲಿ 3214 ಎಂದು ಅಚ್ಚಾಗಿದ್ದರೆ ಅದು 2014ರ 32ನೇ ವಾರದ ರಬ್ಬರು. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟು ವರ್ಷ ಒಣಗಿದ್ದನ್ನು ನಂಬುವಂತಿಲ್ಲ. ಹಳೇ ಕಾರಿಗೆ ಇಟ್ಟ ರೊಕ್ಕ ಮೊದಲು ಈ ಮೂಕ ಜಾತಿಗೇ ಹೋಗಬೇಕೆಂಬುದು ನನ್ನ ವಾದ. ಜನ ಮಾಡುವುದು ಉಲ್ಟಾ: ಸಪ್ಪಳ ಮಾಡುವುದಕ್ಕೆ ಮೊದಲು ಖರ್ಚು, ಅದಕ್ಕೂ ಮೊದಲು ಸೀಟ್ ಕವರಿಗೆ.

ಮೂಕರಲ್ಲಿ ಹಿರಿಯದು ಟೈಮಿಂಗ್ ಬೆಲ್ಟ್. ಮಿಸ್ತ್ರಿ 10 ನಂಬರ್ ಪಾನಾ ಹಚ್ಚಿ ಎಂಜಿನ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಬೋಲ್ಟು ಬಿಚ್ಚಿದ. ಒಳಗೆ ಹಲ್ಲಿರುವ ಕಪ್ಪು ಪಟ್ಟಿ. ಅದನ್ನು ಹೆಬ್ಬೆರಳಿನಿಂದ ಹೊರಳಿಸಿ ಟಾರ್ಚ್ ಹಿಡಿದ. ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಒಂದು ಅಂಚಿಗೆ ಆಯಿಲ್ ಜಿನುಗಿದ ಹೊಳಪು. ಕವಾಟಗಳು ಯಾವಾಗ ತೆರೆಯಬೇಕು, ಪಿಸ್ಟನ್ ಯಾವಾಗ ಏರಬೇಕು ಎಂಬ ತಾಳ ಹಿಡಿಯುವುದು ಈ ಪಟ್ಟಿಯೇ. ಸ್ಯಾಂಟ್ರೊದಂಥ ಎಂಜಿನ್ನಿನಲ್ಲಿ ಇದು ಹರಿದರೆ ಏರಿ ಬಂದ ಪಿಸ್ಟನ್ ತೆರೆದ ಕವಾಟಕ್ಕೆ ಗುದ್ದುತ್ತದೆ, ಕವಾಟ ಬಾಗುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಹರಿಯುವ ಹಿಂದಿನ ದಿನವೂ ಗಾಡಿ ಹೂವಿನಂತೆ ಓಡಿರುತ್ತದೆ.

‘ಓಡಾಕತ್ತೇತಲ್ಲೋ’ ಎಂದರು ಮಾವ. ‘ಡ್ಯಾಮಿನ ಗೇಟೂ ನಡಿಯಾಕತ್ತಿತ್ರಿ ಯಜಮಾನ್ರ’ ಎಂದ ಮಿಸ್ತ್ರಿ.

ಮಾವ ಸುಮ್ಮನಾದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ಚೈನ್ ತುಂಡಾಗಿಯೇ. ಸುಮಾರು 70 ವರ್ಷ ಎತ್ತಿ ಇಳಿಸಿದ ಚೈನು. ತುಂಬಿದ ಜಲಾಶಯ, ಕೆಳಗೆ ಗಂಗಾವತಿಯ ಭತ್ತದ ಬಯಲು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಬೆಳೆಗೆಂದು ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿ ವಾರದಲ್ಲಿ ಬಾಯಿ ಕಟ್ಟಿದರು. ಮಳೆಯೂ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಬದಲಿಸಲು ನೀರು ಇಳಿಯಬೇಕು, ನೀರು ಇಳಿದರೆ ಬೆಳೆಗೆ ಕುತ್ತು. ರಿಪೇರಿಗೆ ಒಳ್ಳೆಯ ಕಾಲ ಎಂಬುದು ಅಣೆಕಟ್ಟಿಗೂ ಇಲ್ಲ, ಅದರ ನೀರುಣ್ಣುವ ರೈತನಿಗೂ ಇಲ್ಲ.

ನಮ್ಮ ಕಡೆ ಗ್ಯಾರೇಜಿನ ಪಂಚಾಂಗ ನಿಂತಿರುವುದೂ ಫಸಲಿನ ಮೇಲೆ. ಗಂಗಾವತಿಯಲ್ಲಿ ಎರಡು ಬೆಳೆ, ಹಾಗಾಗಿ ಮಿಸ್ತ್ರಿಗಳಿಗೆ ವರ್ಷಕ್ಕೆ ಎರಡು ಸುಗ್ಗಿ. ಯಲಬುರ್ಗಾದ ಎರೆ ಹೊಲಕ್ಕೆ ಹಿಂಗಾರಿ ಒಂದೇ ಗತಿ. ‘ಕಡ್ಲಿ ಬರಲಿ, ಮಾಡಸೋಣು’ ಎಂಬ ಮಾತನ್ನು ಜಿಪುಣತನವೆಂದು ಪೇಟೆಯವರು ನಗಬಹುದು. ಅದು ಕೈಯಲ್ಲಿದ್ದ ರೊಕ್ಕದ ಲೆಕ್ಕ. ಆ ಲೆಕ್ಕಕ್ಕೆ ಮರ್ಯಾದೆ ಕೊಟ್ಟು ಸಲಹೆ ಕೊಡುವ ಮಿಸ್ತ್ರಿ ಸಿಕ್ಕರೆ ಪುಣ್ಯ. ಎಲ್ಲವನ್ನೂ ಒಮ್ಮೆಲೇ ಬಿಚ್ಚಿಸುವವನೂ ಬೇಡ, ‘ಏನೂ ಆಗಂಗಿಲ್ರಿ, ಹೊಡೀರಿ’ ಅನ್ನುವವನೂ ಬೇಡ.

ನಮ್ಮ ಮಿಸ್ತ್ರಿ ಚೀಟಿ ಬರೆದ. ಬೆಲ್ಟ್, ಅದರ ಟೆನ್ಷನರ್, ಜಿನುಗುವ ಆಯಿಲ್ ಸೀಲು ಈಗಲೇ. ಹೇಗೂ ಬಿಚ್ಚಿದ ಮೇಲೆ ಮೂರಕ್ಕೂ ಒಂದೇ ಕೂಲಿ. ಬ್ರೇಕ್ ಆಯಿಲ್, ಕೂಲೆಂಟ್ ಕೂಡ ಈಗಲೇ. ಕ್ಲಚ್ ಮಾತು ಬಂದಾಗ ಮಾವ ಹೆದರಿದರು. ಗೇರ್‌ಬಾಕ್ಸ್ ಇಳಿಸಿದರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಎಲ್ಲ ಒಟ್ಟಿಗೇ ಹಾಕಿಸಬೇಕೆಂದು ಯಾರೋ ಹೇಳಿದ್ದರು.

‘ಕ್ಲಚ್ ಕಡ್ಲಿ ಬಂದಮ್ಯಾಲ ನೋಡೋಣ್ರಿ. ನಿಮ್ಮ ಯಲಬುರ್ಗಿ ಹಾದ್ಯಾಗ ಏರಲಿಕ್ಕ ಘಾಟ್ ಎಲ್ಲೈತ್ರಿ?’ ಎಂದ ಮಿಸ್ತ್ರಿ. ಆಮೇಲೆ ಏನೋ ನೆನಪಾಗಿ ಕೇಳಿದ: ‘ಧರ್ಮಸ್ಥಳಕ್ಕೇನರ ಹೊಂಟೀರೇನ್ರಿ?’

ಮಾವ ನನ್ನ ಮುಖ ನೋಡಿದರು. ಹೋಗುವುದಿತ್ತು.